ದುರ್ಯೋಧನನ ಪಾರ್ಟಿಗೆ ದುಡ್ಡು ಯಾರದು?

ಮಂಡ್ಯ, ತುಮಕೂರು, ರಾಮನಗರದ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ಪಾರ್ಟು ಹಂಚುವ ಕ್ರಮವೊಂದಿದೆ. ಡ್ರಾಮಾ ಮಾಸ್ಟರು ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತಿರುತ್ತಾರೆ, ಪಕ್ಕದಲ್ಲಿ ಕೂತ ಹಿರಿಯರ ಕೈಯಲ್ಲಿ ನೋಟ್‌ಬುಕ್ಕು. ಕೃಷ್ಣನ ಪಾರ್ಟಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಭೀಮ ಅರ್ಜುನರಿಗೆ ತುಸು ಕಡಿಮೆ, ಸಾತ್ಯಕಿ ವಿದುರರಿಗೆ ಇನ್ನೂ ಕಡಿಮೆ. ಇದನ್ನು ನಟನಿಗೆ ಸಿಗುವ ಸಂಭಾವನೆ ಅಂದುಕೊಳ್ಳಬೇಡಿ. ನಟನೇ ಕೈಯಿಂದ ಕೊಡಬೇಕಾದ ಹಣ ಇದು. ಸೀನರಿಯವರಿಗೆ, ಡ್ರೆಸ್ಸಿನವರಿಗೆ, ಮೇಕಪ್ಪಿನವರಿಗೆ, ದ್ರೌಪದಿ ರುಕ್ಮಿಣಿಯರ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ, ಮೈಕಿನವರಿಗೆ, ಕಡೆಗೆ ಮಾಸ್ಟರಿಗೂ ಸಲ್ಲುವುದು ಇದರಿಂದಲೇ. ರೇಷ್ಮೆಗೂಡು ಮಾರಿದವನು, ಕಬ್ಬಿನ ಬಿಲ್ಲು ಕೈಗೆ ಬಂದವನು, ಬೆಂಗಳೂರಿನಲ್ಲಿ ಆಟೊ ಓಡಿಸಿ ನಾಲ್ಕು ಕಾಸು ಉಳಿಸಿದವನು ಒಂದು ರಾತ್ರಿ ಗದೆ ಹಿಡಿದು ಅಬ್ಬರಿಸುವ ಆಸೆಗೆ ಗಂಟು ಬಿಚ್ಚುತ್ತಾನೆ.

ಬಾಗಲಕೋಟೆ, ಗದಗ, ಕೊಪ್ಪಳದ ಸೀಮೆಯಲ್ಲಿ ಪದ್ಧತಿ ಸ್ವಲ್ಪ ಬೇರೆ. ಜಾತ್ರೆ ಹತ್ತಿರ ಬಂತೆಂದರೆ ಊರಲ್ಲಿ ಪಟ್ಟಿ ಎತ್ತುತ್ತಾರೆ. ಮನೆಗಿಷ್ಟು ಎಂದು ಒಂದು ಪಟ್ಟಿ, ಪಾತ್ರ ಮಾಡುವವರು ತಲೆಗಿಷ್ಟು ಎಂದು ಇನ್ನೊಂದು. ಪೇಟಿ ಮಾಸ್ತರರು ಬಂದು ಗುಡಿಯ ಕಟ್ಟೆಯ ಮೇಲೋ ಶಾಲೆಯ ಪಡಸಾಲೆಯಲ್ಲೋ ತಾಲೀಮು ಹಚ್ಚುತ್ತಾರೆ. ಹಗಲೆಲ್ಲ ಹೊಲ, ರಾತ್ರಿಯೆಲ್ಲ ರಂಗಗೀತೆ. ನಾಟಕದ ದಿನ ಸೀನು ಸೀನಿನ ನಡುವೆ ಮೈಕಿನಲ್ಲಿ ಕಾಣಿಕೆ ಕೂಗುತ್ತಾರೆ: ಇಂಥವರಿಂದ ನೂರಾ ಒಂದು, ಇಂಥವರ ಅಳಿಯಂದಿರಿಂದ ಐನೂರಾ ಒಂದು. ನಾಯಕ ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ಅಳಿಯಂದಿರ ಐನೂರಾ ಒಂದು ಅಡ್ಡ ಬಂದರೂ ಜನ ಬೇಸರ ಮಾಡಿಕೊಳ್ಳುವುದಿಲ್ಲ. ಸಾಯುವವನೂ ಅಷ್ಟು ಹೊತ್ತು ತಡೆದುಕೊಳ್ಳುತ್ತಾನೆ.

ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ಪಟ್ಟಣದ ಸಭೆಗಳಲ್ಲಿ ಹಳ್ಳಿಯ ಕಲೆಯ ಮಾತು ಬಂತೆಂದರೆ "ನಶಿಸಿಹೋಗುತ್ತಿರುವ" ಎಂಬ ಶೋಕದಿಂದಲೇ ಶುರುವಾಗುತ್ತದೆ. ಆ ಶೋಕ ನನಗೆ ಬೇಡ. ನಮ್ಮ ಹಳ್ಳಿಗಳು ಯಾರ ಮುಂದೆಯೂ ಕೈಯೊಡ್ಡದೆ, ತಮ್ಮ ಜೇಬಿನಿಂದಲೇ, ವರ್ಷಕ್ಕೆ ಎಷ್ಟು ರಾತ್ರಿ ನಾಟಕ, ದೊಡ್ಡಾಟ, ಸಣ್ಣಾಟ, ಭಜನೆ, ಡೊಳ್ಳು, ವೀರಗಾಸೆ ನಡೆಸುತ್ತವೆ ಎಂಬುದನ್ನು ಲೆಕ್ಕ ಇಟ್ಟವರಿಲ್ಲ. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಇದೇ ಸಂಗತಿಯ ಬೆನ್ನಿಗೆ ಇನ್ನೊಂದಿದೆ, ಅದನ್ನು ನಾವು ಗಟ್ಟಿಯಾಗಿ ಮಾತಾಡುವುದಿಲ್ಲ. ಜೇಬು ಯಾರದೋ ರಂಗವೂ ಅವರದೇ.

ಕೇರಿಯ ಹುಡುಗನೊಬ್ಬ ತಾಲೀಮಿನ ಕಟ್ಟೆಯ ಅಂಚಿನಲ್ಲಿ ನಿಂತು ಕೇಳುವುದನ್ನು ಊಹಿಸಿಕೊಳ್ಳಿ. ಊಹೆಯೇನೂ ಬೇಕಿಲ್ಲ, ಹಳ್ಳಿಯಲ್ಲಿ ಬೆಳೆದ ಯಾರಿಗೂ ಈ ಮಾತು ಹೊಸದಲ್ಲ.

"ಮಾಸ್ತರ, ನನಗೂ ಒಂದು ಪಾರ್ಟು ಕೊಡ್ರಿ. ಪದಾ ಎಲ್ಲಾ ಬಾಯಿಪಾಠ ಅದಾವ್ರಿ."

"ಕೊಡಾಕ ನಂದೇನೈತೋ ತಮ್ಮಾ? ಹಿರ್ಯಾರನ್ನ ಕೇಳು. ಪಟ್ಟಿ ಎಷ್ಟು ಹಾಕ್ತಿ?"

ಅಲ್ಲಿಗೆ ಮಾತು ಮುಗಿಯಿತು. ಮಾಸ್ತರರು ಕೆಟ್ಟವರೇನಲ್ಲ. ಅವರ ಪಗಾರವೂ ಆ ಪಟ್ಟಿಯಿಂದಲೇ ಬರಬೇಕು. ಜಾತಿಯ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ, ಪಟ್ಟಿಯೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿತು. ಅದೇ ಹುಡುಗನ ಅಪ್ಪನನ್ನು ನಾಟಕದ ಸಂಜೆ ಹಲಗೆ ಬಾರಿಸಲು ಮಾತ್ರ ಮರೆಯದೆ ಕರೆಯುತ್ತಾರೆ. ಮೆರವಣಿಗೆಯ ಮುಂದೆ ಅವನು ಬೇಕು, ರಂಗದ ಮೇಲೆ ಬೇಡ.

ಹೆಣ್ಣುಮಕ್ಕಳ ಮಾತು ಇನ್ನೂ ವಿಚಿತ್ರ. ಊರ ನಾಟಕದ ನಾಯಕಿಯನ್ನು ದೂರದ ಪಟ್ಟಣದಿಂದ ಹಣ ಕೊಟ್ಟು ಕರೆಸುತ್ತೇವೆ, ಕೈಚಪ್ಪಾಳೆ ತಟ್ಟುತ್ತೇವೆ, ನೋಟು ಮುಡಿಸುತ್ತೇವೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಅಷ್ಟು ಚೆಂದ ಅಭಿನಯಿಸಿದ ನಮ್ಮದೇ ಓಣಿಯ ಹುಡುಗಿ ಮಾತ್ರ ಹತ್ತನೆಯ ತರಗತಿ ಮುಗಿದ ಮೇಲೆ ಪ್ರೇಕ್ಷಕಿ. ಅಪ್ಪ ಅವ್ವ ಒಪ್ಪಿದರೂ ಅವಳು ತಾಲೀಮಿಗೆ ಬರುವುದು ಹೇಗೆ? ರಾತ್ರಿ ಹತ್ತರ ಮೇಲೆ ತಾಲೀಮು. ಬಟ್ಟೆ ಬದಲಿಸಲು ತಟ್ಟಿ ಕಟ್ಟಿದ ಮರೆಯೂ ಇಲ್ಲ. ಕಲಿಸುವ ಮಾಸ್ತರರೂ ಗಂಡಸರೇ. ಇವಕ್ಕೆಲ್ಲ ಮನಸ್ಸು ಬದಲಾಗಬೇಕು ಎಂದು ಭಾಷಣ ಮಾಡುತ್ತೇವೆ. ಮನಸ್ಸಿನ ಜೊತೆಗೆ ಬೇಕಾಗಿರುವುದು ಸಂಜೆ ಹೊತ್ತಿನ ಒಂದು ಕೋಣೆ, ಕಲಿಸಲು ಒಬ್ಬ ಕಲಾವಿದೆ, ಮನೆ ಮುಟ್ಟಿಸಲು ಒಂದು ಗಾಡಿ. ಮೂರಕ್ಕೂ ಬೆಲೆ ಇದೆ, ಮೂರೂ ದೊಡ್ಡ ಬೆಲೆಯವಲ್ಲ. ಊರ ಪಟ್ಟಿಯಿಂದ ಆ ಹಣ ಎಂದೂ ಹುಟ್ಟುವುದಿಲ್ಲ.

ಪಟ್ಟಿ ಎತ್ತಲು ಊರೇ ಇಲ್ಲದವರೂ ಇದ್ದಾರೆ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಊರಿಂದೂರಿಗೆ ಹೋಗಿ ಆಟ ಕಟ್ಟಿದವರು. ಒಂದು ಗೊಂಬೆ ಆಗಬೇಕಾದರೆ ಆಡಿನ ತೊಗಲನ್ನು ಹದ ಮಾಡಿ, ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಒಣಗಿಸಿ, ಮೇಲೆ ಚಿತ್ರ ಬರೆದು, ಸಣ್ಣ ಉಳಿಯಿಂದ ಆಭರಣದ ಒಂದೊಂದು ಚುಕ್ಕಿಯನ್ನೂ ತೂತು ಹೊಡೆದು, ಆಮೇಲೆ ಬಣ್ಣ ಕಟ್ಟಬೇಕು. ಆ ತೂತುಗಳಿಂದಲೇ ಪರದೆಯ ಮೇಲೆ ರಾವಣನ ಕಿರೀಟ ಮಿನುಗುವುದು. ಹಳೆಯ ಗೊಂಬೆ ಮುರುಟಿಹೋದರೆ ಹೊಸದು ಮಾಡಲು ಸಾಮಾನು ಬೇಕು, ದಿನಗೂಲಿ ಬಿಟ್ಟು ಕೂರುವ ದಿನಗಳು ಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ನಾವೆಲ್ಲ ಸಂತೋಷಪಟ್ಟೆವು, ಪಡಬೇಕಾದದ್ದೇ. ಆದರೆ ಮೂವತ್ತು, ನಲವತ್ತರ ವಯಸ್ಸಿನಲ್ಲಿ ಆ ಗೊಂಬೆಗಳನ್ನು ಹೆಗಲ ಮೇಲೆ ಹೊತ್ತು ಹೊರಟಾಗ ಒಂದು ಹೊಸ ಗೊಂಬೆಯ ತೊಗಲಿಗೆ, ಒಂದು ಪರದೆಯ ಬಟ್ಟೆಗೆ, ಮಗನನ್ನು ಆರು ತಿಂಗಳು ಕೂರಿಸಿ ಕಲಿಸುವುದಕ್ಕೆ ಇಂಥ ಕಲಾವಿದರು ಕೇಳಿದ್ದರೆ ಕೊಡುವ ಕೈ ಎಲ್ಲಿತ್ತು? ಪ್ರಶಸ್ತಿ ಬರುವುದು ಬದುಕಿನ ತುದಿಯಲ್ಲಿ. ಮಾಸಾಶನ ಬರುವುದು ದನಿ ಬಿದ್ದ ಮೇಲೆ. ನಡುವಿನ ನಲವತ್ತು ವರ್ಷ, ಅಂದರೆ ಕಲೆ ನಿಜಕ್ಕೂ ನಡೆಯುವ ಕಾಲ, ನಮ್ಮ ಯಾವ ಯೋಜನೆಯ ಕಣ್ಣಿಗೂ ಸರಿಯಾಗಿ ಬಿದ್ದಿಲ್ಲ.

ನನ್ನ ಕರೆ ಇಷ್ಟೇ: ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ತನ್ನ ವ್ಯಾಪ್ತಿಯ ಕಲೆಗೆಂದು ಒಂದು ಪುಟ್ಟ ಮೊತ್ತ ತೆಗೆದಿಡಲಿ. ಅದನ್ನು ಆಟಕ್ಕೆ ಮೊದಲೇ, ಒಂದು ಪುಟದ ಅರ್ಜಿಯ ಮೇಲೆ, ಪಟ್ಟಿ ಹಾಕಲಾರದವರಿಗೆ ಕೊಡಲಿ. ಇಪ್ಪತ್ತೈದು ಸಾವಿರ ರೂಪಾಯಿ ಎಂದಿಟ್ಟುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಇರುವುದು ಆರು ಸಾವಿರದ ಹತ್ತಿರ ಗ್ರಾಮ ಪಂಚಾಯಿತಿ. ಎಲ್ಲವೂ ಕೊಟ್ಟರೂ ಹದಿನೈದು ಕೋಟಿ. ಇಡೀ ಕರ್ನಾಟಕದ ಹಳ್ಳಿಗಳಿಗೆ, ಇಡೀ ವರ್ಷಕ್ಕೆ. ಉತ್ಸವಗಳ ಹೆಸರಿನಲ್ಲಿ ಮೂರು ದಿನದ ದೀಪಾಲಂಕಾರಕ್ಕೆ, ಸಿನಿಮಾ ಗಾಯಕರ ಸಂಜೆಗಳಿಗೆ ಕೋಟಿಗಟ್ಟಲೆ ಸುರಿಯುವ ನಾಡಿಗೆ ಇದು ಭಾರವೆಂದು ಯಾವ ಮುಖ ಹೊತ್ತು ಹೇಳುವುದು?

ಈಗ ಅನುದಾನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದೆ, ಅಕಾಡೆಮಿಗಳಿವೆ. ಸಂಘ ಸಂಸ್ಥೆಗಳಿಗೆ ಧನಸಹಾಯವಿದೆ, ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಕೇಂದ್ರದ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನವಿದೆ, ಗುರುವಿಗಿಷ್ಟು ಶಿಷ್ಯರಿಗಿಷ್ಟು ಎಂದು ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ. ಇವುಗಳಿಂದ ಉಸಿರಾಡುತ್ತಿರುವ ಒಳ್ಳೆಯ ತಂಡಗಳಿವೆ, ಆ ಅನುದಾನವನ್ನು ಕಿತ್ತುಕೊಳ್ಳಿ ಎಂದು ಯಾರೂ ಹೇಳಬಾರದು. ಆದರೆ ಆ ಬಾಗಿಲಿಗೆ ಹೋಗುವ ದಾರಿಯನ್ನೊಮ್ಮೆ ನಡೆದು ನೋಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬೇಕು. ವರ್ಷ ವರ್ಷ ಜಿಲ್ಲಾ ನೋಂದಣಾಧಿಕಾರಿಗೆ ಲೆಕ್ಕ ಸಲ್ಲಿಸಬೇಕು. ಲೆಕ್ಕಪರಿಶೋಧಕರ ಸಹಿ ಬೇಕು, ಸಂಘದ ಹೆಸರಿನಲ್ಲಿ ಪ್ಯಾನ್ ಬೇಕು, ಬ್ಯಾಂಕ್ ಖಾತೆ ಬೇಕು. ಹಿಂದೆ ಮಾಡಿದ ಕಾರ್ಯಕ್ರಮಗಳ ಫೋಟೊ, ಆಮಂತ್ರಣ ಪತ್ರಿಕೆ, ಪೇಪರಿನಲ್ಲಿ ಬಂದ ಸುದ್ದಿಯ ತುಣುಕು ಬೇಕು. ಹೆಬ್ಬೆಟ್ಟು ಒತ್ತುವ ಮೂಡಲಪಾಯ ಯಕ್ಷಗಾನದ ಭಾಗವತರು ಇದನ್ನೆಲ್ಲ ಎಲ್ಲಿಂದ ತಂದಾರು? ರಾತ್ರಿಯಿಡೀ ಪ್ರಸಂಗವನ್ನು ಪದ ಬಿಡದೆ ಹಾಡಬಲ್ಲವರಿಗೆ ಸೈಬರ್ ಸೆಂಟರಿನ ಹುಡುಗನ ಮುಂದೆ ಓಟಿಪಿ ಹೇಳುವಾಗ ಗಂಟಲು ಕಟ್ಟುತ್ತದೆ.

ಇನ್ನು, ಖರ್ಚು ಮಾಡಿ ಬಿಲ್ಲು ಕೊಟ್ಟ ಮೇಲೆ ಹಣ ಎನ್ನುವ ನಿಯಮ ಬಂದಲ್ಲೆಲ್ಲ ಅದರ ಅರ್ಥ ಒಂದೇ: ಮೊದಲೇ ಹಣ ಇದ್ದವನಿಗೆ ಮಾತ್ರ ಸಹಾಯ. ಸಾಲ ಮಾಡಿ ಆಟ ಆಡಿಸಿದವನು ಬಿಲ್ಲು ಬರುವವರೆಗೆ ಬಡ್ಡಿ ಕಟ್ಟಬೇಕು. ಆಟದ ಡ್ರೆಸ್ಸು ಬಾಡಿಗೆಗೆ ಕೊಟ್ಟವರು ಜಿಎಸ್‌ಟಿ ಬಿಲ್ಲು ಕೊಡುವುದಿಲ್ಲ, ಹಿಮ್ಮೇಳದ ಮುಖವೀಣೆಯವರು ರಸೀದಿ ಬರೆದುಕೊಡುವುದಿಲ್ಲ. ಆಗ ಏನಾಗುತ್ತದೆ? ಕಾಗದ ಬಲ್ಲವರು ಹುಟ್ಟಿಕೊಳ್ಳುತ್ತಾರೆ. ಅವರ ಸಂಘಕ್ಕೆ ಲೆಟರ್‌ಹೆಡ್ ಇದೆ, ಸೀಲು ಇದೆ, ಫ್ಲೆಕ್ಸ್ ಇದೆ. ಕಲೆ ಮಾತ್ರ ಬಾಡಿಗೆಯದು. ಯಾವುದೋ ಕೇರಿಯ ತಂಡವನ್ನು ಟೆಂಪೊದಲ್ಲಿ ಕರೆದೊಯ್ದು, ಫೋಟೊ ತೆಗೆಸಿ, ಊಟ ಹಾಕಿಸಿ, ಕೈಗಿಷ್ಟು ಕೊಟ್ಟು ಕಳಿಸಿದರೆ ಕಾರ್ಯಕ್ರಮ ಯಶಸ್ವಿ. ಈ ದಲ್ಲಾಳಿತನಕ್ಕೆ ಕಲಾವಿದರನ್ನು ಬೈಯುವುದು ಸುಲಭ. ಅದನ್ನು ಹುಟ್ಟಿಸಿದ್ದು ನಮ್ಮ ಅರ್ಜಿ ನಮೂನೆ.

ಕಂಪನಿಗಳ ಕಥೆಯೂ ಇದೇ. 2013ರ ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆನ್ನುತ್ತದೆ. ಅದರ ಏಳನೇ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕಲೆಗಳ ಹೆಸರು ಸ್ಪಷ್ಟವಾಗಿಯೇ ಇದೆ. ಆದರೆ 2021ರಿಂದ ಆ ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಕೇಂದ್ರದಲ್ಲಿ ಪ್ರತ್ಯೇಕ ನೋಂದಣಿ ಮಾಡಿಸಿಕೊಂಡಿರಬೇಕು, ಆದಾಯ ತೆರಿಗೆಯ 12ಎ, 80ಜಿ ಪತ್ರ ಹೊಂದಿರಬೇಕು. ಕುಣಿಗಲ್ ತಾಲ್ಲೂಕಿನ ಯಾವ ಭಜನಾ ಮಂಡಳಿಯ ಬಳಿ 80ಜಿ ಇದೆ? ಸಂಸ್ಕೃತಿಯ ಹಣ ಪಾರಂಪರಿಕ ಕಟ್ಟಡದ ಸುತ್ತ ಹುಲ್ಲುಹಾಸು ಹಾಕಿಸುವುದರಲ್ಲಿ ಮುಗಿದರೆ ಆಶ್ಚರ್ಯವೇನು?

ಕಟ್ಟಡದ ಮಾತು ಬಂತಲ್ಲ, ಬಯಲು ರಂಗಮಂದಿರಗಳ ಬಗ್ಗೆ ಒಂದು ಮಾತು. ಊರೂರಿಗೆ ಅವು ಎದ್ದಿವೆ, ಸಿಮೆಂಟಿನ ಕಟ್ಟೆ, ಮೇಲೊಂದು ತಗಡಿನ ಕಮಾನು, ಕಮಾನಿಗಿಂತ ದೊಡ್ಡದಾಗಿ ಶಾಸಕರ ಹೆಸರು. ಸುಗ್ಗಿಯಲ್ಲಿ ಅಲ್ಲಿ ಮೆಕ್ಕೆಜೋಳ ಒಣಗುತ್ತದೆ. ಒಣಗಲಿ, ಅದೂ ಬೇಕಾದದ್ದೇ. ಆದರೆ ಆ ಕಟ್ಟೆಗೆ ಸುರಿದ ಕಾಂಕ್ರೀಟಿನ ಹಣದಲ್ಲಿ ಎಷ್ಟು ವರ್ಷ ಆ ಊರಿನ ಮಕ್ಕಳಿಗೆ ಡೊಳ್ಳು ಕಲಿಸಬಹುದಿತ್ತು ಎಂದು ಯಾರಾದರೂ ಗ್ರಾಮಸಭೆಯಲ್ಲಿ ಕೇಳಿದ್ದಾರೆಯೇ? ಕಟ್ಟೆಗೆ ಟೆಂಡರು ಕರೆಯಬಹುದು, ಕಲಿಸುವುದಕ್ಕೆ ಕರೆಯಲಾಗುವುದಿಲ್ಲ. ಗುಟ್ಟು ಬಹುಶಃ ಇಲ್ಲಿಯೇ ಇದೆ.

ಪಂಚಾಯಿತಿಗೆ ಇದರ ಅಧಿಕಾರ ಎಲ್ಲಿದೆ ಎನ್ನುವವರು ಸಂವಿಧಾನದ ಹನ್ನೊಂದನೇ ಅನುಸೂಚಿಯನ್ನು ತೆರೆದು ನೋಡಲಿ. 73ನೇ ತಿದ್ದುಪಡಿ ಪಂಚಾಯಿತಿಗಳಿಗೆಂದು ಗುರುತಿಸಿದ 29 ವಿಷಯಗಳಲ್ಲಿ ಕುಡಿಯುವ ನೀರು, ರಸ್ತೆ, ಗ್ರಂಥಾಲಯಗಳ ಜೊತೆಗೇ ಸಾಂಸ್ಕೃತಿಕ ಚಟುವಟಿಕೆಯೂ ಇದೆ, 21ನೇ ಸಂಖ್ಯೆಯಲ್ಲಿ. 15ನೇ ಹಣಕಾಸು ಆಯೋಗ ಕೊಟ್ಟ ಅನಿರ್ಬಂಧಿತ ಅನುದಾನವನ್ನು ಸಂಬಳ ಸಾರಿಗೆಗಳಿಗೆ ಬಿಟ್ಟು ಈ 29ರಲ್ಲಿ ಯಾವುದಕ್ಕಾದರೂ ಬಳಸಲು ದಾರಿಯಿತ್ತು. ಎಷ್ಟು ಪಂಚಾಯಿತಿಗಳ ಕ್ರಿಯಾಯೋಜನೆಯಲ್ಲಿ 21ನೇ ವಿಷಯ ಕಾಣಿಸಿಕೊಂಡಿತು ಎಂದು ನಿಮ್ಮ ಪಿಡಿಒ ಅವರನ್ನು ವಿಚಾರಿಸಿ. ಜಗಳಕ್ಕೆ ಹೋಗಬೇಡಿ, ಕೇಳಿ ಸಾಕು. ಕಾನೂನಿನ ಮನೆಯಲ್ಲಿ ಕಲೆಗೆ ಮಣೆ ಹಾಕಿಟ್ಟಿದ್ದಾರೆ, ಯಾರೂ ಬಂದು ಕೂತಿಲ್ಲ.

"ನೀರಿಲ್ಲ, ಚರಂಡಿ ಇಲ್ಲ, ನಾಟಕಕ್ಕೆ ದುಡ್ಡೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಾಮಾಣಿಕವಾಗಿ ಕೇಳುವವರಿಗೆ ನನ್ನ ಉತ್ತರ ಇದು: ನೀರು ಬಾರದ ಊರಿನವರೇ ಕೈಯಿಂದ ಹಣ ಹಾಕಿ ನಾಟಕ ಆಡುತ್ತಿದ್ದಾರೆ. ಯಾವುದು ಮೊದಲು ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು, ಎರಡನ್ನೂ ಬೇಡುತ್ತಾರೆ. ಅಪ್ರಾಮಾಣಿಕವಾಗಿ ಕೇಳುವವರಿಗೆ ಉತ್ತರ ಬೇಕಿಲ್ಲ. ಕಲೆಗೆ ಕೊಡದೆ ಉಳಿಸಿದ ಇಪ್ಪತ್ತೈದು ಸಾವಿರದಲ್ಲಿ ಅವರು ಎಂದೂ ಚರಂಡಿ ಕಟ್ಟಿಸಿದವರಲ್ಲ.

"ಕೊಟ್ಟರೆ ತಿಂದುಹಾಕುತ್ತಾರೆ" ಎಂಬುದು ಇನ್ನೊಂದು. ಹಳ್ಳಿಯ ನಾಟಕದ ಮೈಕನ್ನು ನೆನಪಿಸಿಕೊಳ್ಳಿ. ಐವತ್ತೊಂದು ರೂಪಾಯಿ ಕೊಟ್ಟವನ ಹೆಸರನ್ನೂ ಊರಿಗೆಲ್ಲ ಕೇಳುವಂತೆ ಕೂಗುವ ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದೇ ಮೈಕಿನಲ್ಲಿ, ಆಟ ಮುಗಿದ ಮೇಲೆ, ಪಂಚಾಯಿತಿ ಕೊಟ್ಟದ್ದೆಷ್ಟು, ಪರದೆಗೆಷ್ಟು, ಗಾಡಿಗೆಷ್ಟು, ಚಹಾಕ್ಕೆಷ್ಟು ಎಂದು ಓದಿ ಹೇಳಲಿ. ಮುಂದಿನ ಸಾಲಿನಲ್ಲಿ ಕೂತ ಅಜ್ಜಂದಿರಿಗಿಂತ ಕಟ್ಟುನಿಟ್ಟಾದ ಆಡಿಟರು ಯಾವ ಇಲಾಖೆಯಲ್ಲೂ ಇಲ್ಲ. ಕೋಟಿ ತಿಂದವನು ಊರಲ್ಲಿ ತಲೆಯೆತ್ತಿ ಓಡಾಡಬಲ್ಲ, ನಾಟಕದ ಎರಡು ಸಾವಿರ ತಿಂದವನಿಗೆ ಆ ಧೈರ್ಯವಿಲ್ಲ.

ಸಣ್ಣ ಹಣ ಸರಿಯಾದ ಕಡೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ದಾಖಲೆ ಇದೆ. 1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಅಡಿಕೆ ಬೆಳೆಗಾರರ ಮಕ್ಕಳು ಸೇರಿ ಕಟ್ಟಿಕೊಂಡ ನೀನಾಸಂ ಮೊದಲಿಗೆ ಬೇರೆಲ್ಲ ಊರುಗಳಂತೆಯೇ ಒಂದು ಊರ ಸಂಘ. 1983ರಿಂದ 1985ರವರೆಗೆ ಫೋರ್ಡ್ ಫೌಂಡೇಶನ್ ನೆರವಿನಿಂದ ಅದು ನಡೆಸಿದ 'ಜನಸ್ಪಂದನ' ಯೋಜನೆ ಊರೂರಿಗೆ ಹೋಗಿ ಅಲ್ಲಿನವರ ಜೊತೆ ನಾಟಕ ಮಾಡಿಸಿತು, ಸಿನಿಮಾ ತೋರಿಸಿ ಮಾತಾಡಿಸಿತು. ತನ್ನ ಕಟ್ಟಡಕ್ಕೆ ಹಣ ಹಾಕಿಕೊಳ್ಳುವುದಕ್ಕಿಂತ ಹಳ್ಳಿಗಳಲ್ಲಿ ಕಲಿಸುವುದಕ್ಕೆ ಖರ್ಚು ಮಾಡಿದ್ದು ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರ ವಿವೇಕ. ಅದೇ ಎಂಬತ್ತರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಚಿನುವಾ ಅಚಿಬೆಯ ಕಾದಂಬರಿಯ ರಂಗರೂಪ ಆಡಿದರು. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ಮಕ್ಕಳು, ಕಾಡಿನಂಚಿನ ಕೂಲಿಗಳು, ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿದರು! ಇವತ್ತು ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅವರ ಹೆಸರು ರಂಗಭೂಮಿ, ಸಿನಿಮಾ ಬಲ್ಲವರಿಗೆಲ್ಲ ಗೊತ್ತು. ಆ ಸಮುದಾಯ ಊರ ಪಟ್ಟಿಯನ್ನೇ ನೆಚ್ಚಿಕೊಂಡಿದ್ದರೆ ರಂಗ ಹತ್ತುತ್ತಿತ್ತೇ ಎಂದು ಕೇಳಿಕೊಳ್ಳಿ.

ಇನ್ನೊಂದು ಉದಾಹರಣೆ ಇನ್ನೂ ಸಣ್ಣದು, ಅದಕ್ಕೇ ನನಗೆ ಹೆಚ್ಚು ಇಷ್ಟ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ 'ಕಲಿ-ಕಲಿಸು' ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೇ ನೇರವಾಗಿ ಚಿಕ್ಕ ಅನುದಾನ ಕೊಡುತ್ತ ಬಂದಿದೆ. ಊರಿನ ಕಲೆಯನ್ನು, ಕಲಾವಿದರನ್ನು ತರಗತಿಯೊಳಗೆ ತರುವುದು ಅದರ ಉದ್ದೇಶ. ಹಣ ಒಬ್ಬ ನಂಬಿಕಸ್ಥ ವ್ಯಕ್ತಿಯ ಕೈಗೆ, ಒಂದು ಸ್ಪಷ್ಟ ಕೆಲಸಕ್ಕೆ ಹೋದರೆ ಸಾಕು, ಸಂಘ, ಸೀಲು, ಸಭಾಪತಿಗಳ ದಂಡು ಬೇಕಾಗುವುದಿಲ್ಲ.

ಕೆಲವು ಎಚ್ಚರಿಕೆಗಳನ್ನೂ ಹೇಳದೆ ಇರಲಾರೆ. ಒಂದು, ಈ ಹಣ ಎಲ್ಲ ಕಲೆಗೂ ಸಮಪಾಲಾಗಿ ಬೇಡ. ಕಟೀಲು, ಧರ್ಮಸ್ಥಳದ ಯಕ್ಷಗಾನ ಮೇಳಗಳಿಗೆ ಹರಕೆಯ ಆಟಗಳು ವರ್ಷಗಳ ಮುಂಚೆಯೇ ಗೊತ್ತಾಗಿರುತ್ತವೆ. ದೇವರ ಕೃಪೆಯಿಂದ ಅವಕ್ಕೆ ಪಂಚಾಯಿತಿಯ ಇಪ್ಪತ್ತೈದು ಸಾವಿರದ ಹಂಗಿಲ್ಲ. ತುಮಕೂರಿನ ಮೂಡಲಪಾಯಕ್ಕೆ ಇದೆ, ಸಾಗರದ ಕಡೆ ಡೊಳ್ಳು ಕಟ್ಟಿಕೊಂಡು ಕುಣಿಯುವ ಹೆಣ್ಣುಮಕ್ಕಳ ತಂಡಗಳಿಗೆ ಇದೆ. ಎರಡು, ಹಣದ ಬೆನ್ನಿಗೆ ಸಂದೇಶ ಕಟ್ಟಬೇಡಿ. ಶೌಚಾಲಯ, ಲಸಿಕೆ, ಮತದಾನದ ಬಗ್ಗೆ ಬೀದಿನಾಟಕ ಆಡಿಸಲು ಇಲಾಖೆಗಳಿಗೆ ಬೇರೆ ಹಣವಿದೆ, ಅದನ್ನವರು ಬಳಸಲಿ. ಊರಿನವರಿಗೆ ಸಂಗ್ಯಾ ಬಾಳ್ಯಾ ಆಡಬೇಕೆನಿಸಿದರೆ ಆಡಲಿ. ಸ್ನೇಹ, ಮೋಹ, ಕೊಲೆಯ ಆ ಕಥೆಯನ್ನು ನೋಡುತ್ತ ಜನ ರಾತ್ರಿ ಕಳೆಯುವುದು ಯಾವ ಘೋಷವಾಕ್ಯವನ್ನೂ ಕಲಿಯಲಿಕ್ಕಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಯಾರು ರಂಗ ಹತ್ತುತ್ತಾರೆ ಎಂಬುದನ್ನು ಕೇಳದೆ ಕೊಟ್ಟ ಹಣ ಮತ್ತೆ ಅದೇ ಗೌಡರ ದುರ್ಯೋಧನನ ಕಿರೀಟಕ್ಕೆ ಹೋಗುತ್ತದೆ. ಪಟ್ಟಿ ಹಾಕಬಲ್ಲವರು ಹಾಕಲಿ, ಅವರ ಉತ್ಸಾಹ ದೊಡ್ಡದು. ಸಾರ್ವಜನಿಕ ಹಣ ಪಟ್ಟಿ ಹಾಕಲಾರದವರ ಪಾರ್ಟಿನ ಹಣವಾಗಲಿ.

ಊರು ಬಿಟ್ಟು ಬಂದವರೇ, ನಿಮ್ಮನ್ನು ನೇರವಾಗಿ ಕೇಳುತ್ತೇನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಪುಣೆಯಲ್ಲಿ, ದುಬೈಯಲ್ಲಿ, ಅಮೆರಿಕದ ಕನ್ನಡಕೂಟದಲ್ಲಿ ಕೂತು ಊರಿನ ಜಾತ್ರೆಯ ವಿಡಿಯೊ ವಾಟ್ಸಾಪಿನಲ್ಲಿ ಹಂಚಿಕೊಳ್ಳುತ್ತೀರಿ. ಊರಿನ ಗುಡಿಯ ಗೋಪುರಕ್ಕೆ ಹಣ ಕೇಳಿದರೆ ಇಲ್ಲವೆನ್ನುವುದಿಲ್ಲ, ಊರವರು ಕಲ್ಲಿನ ಮೇಲೆ ನಿಮ್ಮ ಹೆಸರು ಕೆತ್ತಿಸುತ್ತಾರೆ. ಗೋಪುರಕ್ಕೆ ಕೊಟ್ಟದ್ದರ ಹತ್ತರಲ್ಲೊಂದು ಪಾಲನ್ನು ನಿಮ್ಮ ಕೇರಿಯ ಹಲಗೆ ತಂಡಕ್ಕೆ, ನೀವು ಓದಿದ ಶಾಲೆಯ ಹುಡುಗಿಯರ ನಾಟಕಕ್ಕೆ ಕೊಡಿ. ವಿದೇಶದಲ್ಲಿದ್ದರೆ ಕಾನೂನಿನ ತೊಡಕು ಎನ್ನುತ್ತೀರೇನೋ. ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಆಗುತ್ತದೆ, ಆಗ ಅನುಮತಿ ಪಡೆದ ಸಂಸ್ಥೆಯ ಮೂಲಕವೇ ಕೊಡಬೇಕು. ಅಷ್ಟೇ ವ್ಯತ್ಯಾಸ.

ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಕಾಗದ ಬಲ್ಲವರು ನೀವು. ಕೇರಿಯವರ ಅರ್ಜಿಯನ್ನು ಅವರ ಬಾಯಿಂದ ಕೇಳಿ ಬರೆದುಕೊಡಿ, ದಕ್ಷಿಣೆ ತೆಗೆದುಕೊಳ್ಳದೆ. ಊರಿನ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆಯಲ್ಲ, ಸಂಜೆ ಅದರ ಬೀಗ ತೆಗೆದರೆ ಹುಡುಗಿಯರ ತಾಲೀಮಿಗೆ ಬೇಕಾದ ಕೋಣೆ ಸಿಕ್ಕಿತು. ಅಕಾಡೆಮಿಯಲ್ಲಿ ಕೂತ ಸದಸ್ಯರೇ, ಶಾಲು ಹಾರಗಳ ಬಾಬತ್ತಿನಿಂದ ಒಂದು ಪಾಲನ್ನು ಸಣ್ಣ ಅನುದಾನಕ್ಕೆ ತಿರುಗಿಸಿ. ತಳದಿಂದ ಬಂದವರು ಆ ಕುರ್ಚಿಯಲ್ಲಿ ಕೂರಬಲ್ಲರು ಎಂಬುದನ್ನು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿ ತೋರಿಸಿಕೊಟ್ಟಿದ್ದಾರೆ. ಅಂಥವರು ಇನ್ನೂ ನೂರು ಜನ ಅರ್ಜಿ ನಮೂನೆಯ ಆಚೆ ನಿಂತಿದ್ದಾರೆ.

ಪಂಚಾಯಿತಿ ಸದಸ್ಯರೇ, ಅಕ್ಕಂದಿರೇ, ಅದರಲ್ಲೂ ಮೀಸಲಾತಿಯಿಂದ ಬಂದು ಮೂಲೆಯ ಕುರ್ಚಿಯಲ್ಲಿ ಕೂರಿಸಲ್ಪಟ್ಟವರೇ, ಕಡೆಯ ಮಾತು ನಿಮಗೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕೆಂದು ಕಾಯ್ದೆ ಹೇಳುತ್ತದೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಒಂದು ಸಾಲು ಸೇರಿಸಲು ಹೇಳಿ: ಸಾಂಸ್ಕೃತಿಕ ಚಟುವಟಿಕೆಗೆ ಇಂತಿಷ್ಟು, ಸ್ವಂತ ಆದಾಯದಿಂದ ಅಥವಾ ಅನಿರ್ಬಂಧಿತ ಅನುದಾನದಿಂದ. ಅಧ್ಯಕ್ಷರು ಆಮೇಲೆ ನೋಡೋಣ ಎಂದರೆ ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತನ್ನು ಬರೆಸದೆ ಏಳಬೇಡಿ. ಅರ್ಜಿ ಒಂದು ಪುಟ ಮೀರಬಾರದು, ಕನ್ನಡದಲ್ಲೇ ಇರಬೇಕು, ಬರೆಯಲು ಬಾರದವರ ಪರವಾಗಿ ಬೇರೆಯವರು ಬರೆದರೂ ನಡೆಯಬೇಕು. ಅದರಲ್ಲಿ ಕೇಳಬೇಕಾದ್ದು ಇಷ್ಟೇ: ಏನು ಆಡುತ್ತೀರಿ ಅಥವಾ ಏನು ಕಲಿಸುತ್ತೀರಿ, ಯಾರ ಜೊತೆ, ಯಾವ ತಿಂಗಳಲ್ಲಿ, ಎಷ್ಟು ಬೇಕು, ಮತ್ತು ಇಲ್ಲಿಯವರೆಗೆ ಊರಿನ ರಂಗ ಹತ್ತದ ಯಾರು ಈ ಸಲ ಹತ್ತುತ್ತಾರೆ. ಅರ್ಧ ಹಣ ತಾಲೀಮು ಶುರುವಾಗುವ ದಿನ, ಉಳಿದರ್ಧ ಆಟದ ಹಿಂದಿನ ದಿನ. ಲೆಕ್ಕ ಮೈಕಿನಲ್ಲಿ.